ಓಸ್ಪಾನ್ ಆತಾನ ಒಪ್ಪಿಗೆ

"ಎರಡು ನಿಮಿಷ ಆಯ್ತು. ಕೂತ್ಕೊಳಮ್ಮ."

"ಎರಡು ನಿಮಿಷದಲ್ಲಿ ನನ್ನ ಹಸು ನೀರಿನಿಂದ ತಲೆ ಎತ್ತಲ್ಲ ಆಗಾ! ಊರಿನ ನೀರಿನ ಮಾತು ನಾನು ಹೇಗೆ ಮುಗಿಸ್ಲಿ?"

ಸಾಂಸ್ಕೃತಿಕ ಭವನ ಗೊಳ್ಳೆಂದಿತು. ಮೊಸರು ಮಾರುವ ಆ ಹೆಂಗಸು ಮೈಕನ್ನು ಎದೆಗೆ ಅವುಚಿಕೊಂಡೇ ನಿಂತಿದ್ದಳು. ವೇದಿಕೆಯ ಮೇಲೆ ಕುಮಿಸ್ತಾವ್ ನಗರಸಭೆಯ ಅಧ್ಯಕ್ಷ, ಊರೆಲ್ಲ ಹಿರಿಯಣ್ಣನೆಂದು 'ಆಗಾ' ಎನ್ನುವ ಸಾಗಿಂದಿಕ್ ಆಗಾ ಕೂಡ ನಕ್ಕರು. ಪೆನ್ನಿನಿಂದ ನೀರಿನ ಲೋಟವನ್ನು ಮೆಲ್ಲಗೆ ತಟ್ಟಿದರು.

"ಹಸುವಿನ ಹೆಸರಲ್ಲಿ ಇನ್ನೊಂದು ನಿಮಿಷ ಕೊಟ್ಟೆ ಅಂತ ಬರ್ಕೊಳಯ್ಯ," ಎಂದರು ಪಕ್ಕದ ಗುಮಾಸ್ತನಿಗೆ.

"ಇದನ್ನೂ ಬರ್ಕೊಳ್ಳಿ. ಒರತೆ ಸುತ್ತ ಗುದ್ದಲಿ ಹಾಕ್ಬಾರ್ದು ಅಂತ ನಿಯಮ ಮಾಡ್ದೋರು ನೀವೇ. ಈಗ ಬಾಟ್ಲಿ ನೀರಿನ ಕಂಪನಿ ಬಂತು, ನಿಯಮ ತೆಗೀತೀವಿ ಅಂತಿರೋರೂ ನೀವೇ. ಒರತೆ ಬತ್ತಿದ ಮೇಲೆ ಅದೇ ಬಾಟ್ಲಿ ನಮಗೇ ಮಾರ್ತಾರೆ. ನಾನು ಹಸುವಿನ ಬಾಯಿಗೆ ಬಾಟ್ಲಿ ಹಿಡೀಲಾ?"

ಈ ಸಲ ಯಾರೂ ನಗಲಿಲ್ಲ. ಹೆಂಗಸು ಮೈಕನ್ನು ಪಕ್ಕದವನ ಕೈಗೆ ತುರುಕಿ ಕುಳಿತಳು.

ಸಾಲಿನ ತುದಿಯ ಕುರ್ಚಿಯಲ್ಲಿ ಕುಳಿತು ತನಿಖಾಧಿಕಾರಿ ರಾಬಿಗಾ ಎಲ್ಲರ ಮುಖಗಳನ್ನೂ ನೋಡುತ್ತಿದ್ದಳು. ಅವಳು ಬಂದದ್ದು ಈ ಅಹವಾಲು ಸಭೆಗಲ್ಲ, ಒಂದು ಕೊಲೆಗೆ. ನಿಯಮ ತೆಗೆಯಬಾರದೆಂದು ಮನೆ ಮನೆ ತಿರುಗಿದ್ದ ನಗರಸಭೆಯ ಸದಸ್ಯ ಕಾನಾತ್ ಕಾಲುವೆಯಲ್ಲಿ ಹೆಣವಾಗಿ ಸಿಕ್ಕಿದ್ದ. ಕಾಲು ಜಾರಿ ಬಿದ್ದನೆಂದು ಊರು ನಂಬಿತ್ತು. ತಲೆಯ ಹಿಂದಿನ ಏಟು ನೀರಿಗೆ ಬೀಳುವ ಮೊದಲೇ ಬಿದ್ದದ್ದೆಂದು ವೈದ್ಯರು ಹೇಳಿದ ಮೇಲೆ ರಾಬಿಗಾ ಈ ಊರಿಗೆ ಬಂದಿದ್ದಳು.

ಕೊನೆಯ ಸಾಲಿನಲ್ಲಿ ಕಾನಾತ್‌ನ ಹೆಂಡತಿ ಗುಲ್‌ಬಾರ್ಶಿನ್ ಕುಳಿತಿದ್ದಳು. ಕಪ್ಪು ವಸ್ತ್ರ ಹಣೆಯವರೆಗೂ ಇಳಿದಿತ್ತು.

"ಸತ್ತ ನಲವತ್ತನೇ ದಿನದ ಊಟ ಇನ್ನೂ ಆಗಿಲ್ಲ, ಮನೆ ಬಿಟ್ಟು ಬಂದಿದ್ದಾಳೆ," ಎಂದು ರಾಬಿಗಾಳ ಹಿಂದೆ ಯಾರೋ ಪಿಸುಗುಟ್ಟಿದರು.

"ಮನೇಲಿ ಕೂತು ಏನು ಮಾಡ್ಲಿ? ಗಂಡನ್ನ ತಿಂದ ಸಭೆ ನೋಡ್ಬೇಡ್ವಾ ಅವ್ಳು?" ಎಂದಿತು ಇನ್ನೊಂದು ದನಿ.

ಸಾಗಿಂದಿಕ್ ಆಗಾ ಕನ್ನಡಕ ಏರಿಸಿಕೊಂಡರು.

"ಎಲ್ಲರಿಗೂ ಇನ್ನೊಂದ್ಸಲ ಹೇಳ್ಬಿಡ್ತೀನಿ, ಆಮೇಲೆ ಅಧ್ಯಕ್ಷ ಮೋಸ ಮಾಡ್ದ ಅನ್ಬೇಡಿ. ಒರತೆ ಇರೋ ತೋಟ ಓಸ್ಪಾನ್ ಆತಾಂದು, ನಮ್ಮೆಲ್ಲರ ಅಜ್ಜಂದು. ಅವರು ನೀರನ್ನ ಊರಿಗೆ ಪುಕ್ಕಟೆ ಬಿಟ್ಟುಕೊಟ್ರು. ಬದಲಿಗೆ ನಗರಸಭೆ ಒಂದು ನಿಯಮ ಮಾಡ್ತು. ಓಸ್ಪಾನ್ ಬದುಕಿರೋವರೆಗೂ, ತುಂಬಿದ ಸಭೇಲಿ ಅವರೇ ಬಾಯಿಬಿಟ್ಟು ಒಪ್ಪಿದ್ರೆ ಮಾತ್ರ ಅಲ್ಲಿ ಅಗೀಬಹುದು. ಅವರು ಹೋದ ಮೇಲೆ ವಾರಸುದಾರ ಒಪ್ಪಿದ್ರೆ ಸಾಕು. ಊರಿನ ಮತ ಆಮೇಲೆ. ಸರೀನಾ?"

"ಸರಿ," ಎಂದರು ನಾಲ್ಕೈದು ಮಂದಿ.

"ಮಗ ಬಂದಿದ್ದಾನೆ. ಎರ್ಮೆಕ್, ಬಾಪ್ಪ."

ಮೊದಲ ಸಾಲಿನಿಂದ ಎರ್ಮೆಕ್ ಎದ್ದ. ನಲವತ್ತರ ಆಸುಪಾಸು, ಒಳ್ಳೆಯ ಬಟ್ಟೆ, ಹೊಸ ಬೂಟು. ಅಪ್ಪನನ್ನು ಕರೆದುಕೊಂಡು ದೂರದ ನಗರಕ್ಕೆ ಹೋದವನು ಈಗ ಒಬ್ಬನೇ ಮರಳಿದ್ದ. ಅಪ್ಪ ಅಲ್ಲೇ ತೀರಿಕೊಂಡರು, ಅಲ್ಲೇ ಮಣ್ಣಾಯಿತು ಎಂದು ಕಾಗದ ಕೊಟ್ಟಿದ್ದ. ಕಂಪನಿಯ ಇಲ್ಲಿನ ಕೆಲಸಕ್ಕೆ ಅವನೇ ಮುಖ್ಯಸ್ಥನಾಗುತ್ತಾನೆಂದು ಊರಲ್ಲಿ ಮಾತಿತ್ತು.

ಅವನು ಮೈಕು ಹಿಡಿಯುವಷ್ಟರಲ್ಲಿ ಎರಡನೇ ಸಾಲಿನಿಂದ ಕೋಲು ನೆಲಕ್ಕೆ ಕುಟ್ಟಿದ ಸದ್ದಾಯಿತು.

"ತಡಿ ತಡಿ," ಎಂದರು ಬೈದಿಲ್ದಾ ಆತಾ. ಊರಿನ ಹಿರಿಯರು, ಓಸ್ಪಾನ್ ಆತಾನ ಜೊತೆ ಕುರಿ ಕಾಯ್ದು ಬೆಳೆದವರು. "ವ್ಯಾಪಾರ ಆಮೇಲೆ. ಓಸ್ಪಾನ್‌ನ ಮಣ್ಣಿಗೆ ನಾವ್ಯಾರೂ ಹೋಗ್ಲಿಲ್ಲ. ಅವನ ಹೆಸರಲ್ಲಿ ಒಂದು ಪ್ರಾರ್ಥನೆ ಆದ್ರೂ ಹೇಳದೆ ಅವನ ತೋಟ ಹಂಚ್ಕೋತೀವಾ?"

"ನಿಜ, ನಿಜ," ಎಂದಿತು ಸಭೆ.

ಕುರ್ಚಿಗಳ ಕಿರುಗುಟ್ಟುವಿಕೆ ನಿಂತಿತು. ಎಲ್ಲರ ಅಂಗೈಗಳೂ ಎದೆಯ ಮುಂದೆ ಆಕಾಶಕ್ಕೆ ತೆರೆದುಕೊಂಡವು. ಬೈದಿಲ್ದಾ ಆತಾನ ನಡುಗುವ ದನಿ ಎದ್ದಿತು. ಅಳುವ ಮಗುವಿನ ತಾಯಿಯೂ ಒಂದು ಕೈಯನ್ನಾದರೂ ತೆರೆದಿದ್ದಳು. ಪೊಲೀಸ್ ಪೇದೆ ಬಾಗಿಲಲ್ಲೇ ಟೋಪಿ ತೆಗೆದು ಕೈ ತೆರೆದ.

ರಾಬಿಗಾ ತಾನೂ ಕೈ ತೆರೆದು, ಕಣ್ಣು ಮಾತ್ರ ತಗ್ಗಿಸದೆ ಕುಳಿತಿದ್ದಳು.

ಎರ್ಮೆಕ್ ಕೆಮ್ಮಿದ. ಕರವಸ್ತ್ರಕ್ಕೆ ಜೇಬು ತಡಕಿದ. ಬಗ್ಗಿ ಬೂಟಿನ ದಾರ ಸರಿಮಾಡಿದ. ಪ್ರಾರ್ಥನೆ ಮುಗಿದು ಸಭೆಯೆಲ್ಲ ಅಂಗೈಗಳನ್ನು ಮುಖದ ಮೇಲೆ ಎಳೆದುಕೊಂಡಾಗ ಅವನ ಎರಡೂ ಕೈ ಬೂಟಿನ ಮೇಲಿದ್ದವು.

ಅಪ್ಪನ ಹೆಸರಿನ ಪ್ರಾರ್ಥನೆ. ಮಗನ ಕೈ ಏಳಲಿಲ್ಲ.

ದುಃಖದಲ್ಲಿ ಮನುಷ್ಯ ಏನೇನೋ ಮಾಡುತ್ತಾನೆ, ಎಂದುಕೊಂಡಳು ರಾಬಿಗಾ. ಆದರೆ ಮನಸ್ಸು ಅಷ್ಟಕ್ಕೆ ಬಿಡಲಿಲ್ಲ. ಇವತ್ತೇ ಇಂಥದ್ದನ್ನು ಇನ್ನೊಮ್ಮೆ ನೋಡಿದ್ದೇನೆ. ಎಲ್ಲಿ?

ಎರ್ಮೆಕ್ ಮಾತಾಡತೊಡಗಿದ. "ನನ್ನ ತಂದೆಗೆ ಈ ಊರಂದ್ರೆ ಪ್ರಾಣ..." ಎಂದು ಶುರುಮಾಡಿದವನು ಚೆನ್ನಾಗಿಯೇ ಮಾತಾಡಿದ. ಕೆಲಸ ಬರುತ್ತದೆ, ರಸ್ತೆ ಬರುತ್ತದೆ ಎಂದ. ವಾರಸುದಾರನಾಗಿ ತನ್ನ ಒಪ್ಪಿಗೆ ಇದೆ ಎಂದ.

ರಾಬಿಗಾಗೆ ಅದ್ಯಾವುದೂ ಕೇಳುತ್ತಿರಲಿಲ್ಲ. ಅವಳ ಕಣ್ಣ ಮುಂದೆ ಮಧ್ಯಾಹ್ನದ ಊಟ ಬಂದಿತ್ತು.

ಸಾಗಿಂದಿಕ್ ಆಗಾ ದೂರದಿಂದ ಬಂದವರಿಗೆಲ್ಲ ಮನೆಯಲ್ಲಿ ಊಟ ಹಾಕಿಸಿದ್ದರು. ಅಧಿಕಾರಿಯೆಂದು ರಾಬಿಗಾಳನ್ನೂ ಕರೆದಿದ್ದರು. ಬಾಗಿಲಿಗೆ ಎದುರಾದ ಗೌರವದ ಜಾಗದಲ್ಲಿ ಎರ್ಮೆಕ್‌ನನ್ನು ಕೂರಿಸಿದ್ದರು. ಬೇಯಿಸಿದ ಕುರಿಯ ತಲೆ ಬಂತು. ಸೊಸೆ ಅದರ ಮೂತಿಯನ್ನು ಎರ್ಮೆಕ್ ಕಡೆಗೆ ತಿರುಗಿಸಿ ತಟ್ಟೆ ಇಟ್ಟಳು, ಚಾಕು ಇಟ್ಟಳು.

ಎರ್ಮೆಕ್ ತಟ್ಟೆಯನ್ನು ಮುಟ್ಟಿದ್ದೇ ತಡ, ಎರಡೂ ಕೈಯಲ್ಲಿ ಎತ್ತಿ ಸಾಗಿಂದಿಕ್ ಆಗಾನ ಮುಂದಿಟ್ಟ. "ನೀವಿರುವಾಗ ನಾನೇ, ಆಗಾ?" ಎಂದ.

ಹಿರಿಯರಿಗೆ ಮರ್ಯಾದೆ ಕೊಟ್ಟ, ನಗರದಲ್ಲಿದ್ದರೂ ಸಂಸ್ಕಾರ ಮರೆತಿಲ್ಲ ಎಂದು ಪಕ್ಕದವರು ಮೆಚ್ಚಿದರು. ರಾಬಿಗಾ ಕೂಡ ಅಷ್ಟೇ ಅಂದುಕೊಂಡಿದ್ದಳು.

ಆದರೆ ಅಪ್ಪ ಬದುಕಿರುವ ಗಂಡಸು ಕುರಿಯ ತಲೆಗೆ ಚಾಕು ಹಚ್ಚುವುದಿಲ್ಲ. ಇದನ್ನು ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ. ರಾಬಿಗಾಳ ತಮ್ಮ ಚಿಕ್ಕವನಿದ್ದಾಗ ತಲೆಯ ತಟ್ಟೆಗೆ ಕೈ ಚಾಚಿದ್ದ, ಅಜ್ಜಿ ಕೈಗೆ ಪಟ್ಟೆಂದು ಹೊಡೆದು, "ಅಪ್ಪನ್ನ ತಿನ್ಬೇಕಾ ನಿಂಗೆ?" ಎಂದಿದ್ದಳು. ಅವನು ಈಗ ಲಾರಿ ಓಡಿಸುತ್ತಾನೆ, ಯಾವ ದೇವರಿಗೂ ಹೆದರುವುದಿಲ್ಲ. ತಲೆಯ ತಟ್ಟೆ ಬಂದರೆ ಮಾತ್ರ ಇವತ್ತಿಗೂ ಕೈ ಹಿಂದೆಗೆಯುತ್ತಾನೆ.

ಮೊಹರು ಹಾಕಿದ ಕಾಗದ ತಂದು ಇಡೀ ಊರಿಗೆ ಸುಳ್ಳು ಹೇಳಬಲ್ಲ ಮನುಷ್ಯ. ಆದರೆ ಬದುಕಿರುವ ಅಪ್ಪನ ಹೆಸರಲ್ಲಿ ಸತ್ತವರ ಪ್ರಾರ್ಥನೆಗೆ ಕೈ ತೆರೆಯಲಾರ. ತಲೆಗೆ ಚಾಕು ಹಚ್ಚಲಾರ.

ಓಸ್ಪಾನ್ ಆತಾ ಬದುಕಿದ್ದಾರೆ.

"ಮತಕ್ಕೆ ಮೊದಲು ಟೀ ಕುಡಿದು ಬನ್ನಿ," ಎಂದರು ಸಾಗಿಂದಿಕ್ ಆಗಾ. "ಹೊಟ್ಟೆ ಹಸಿದ್ರೆ ನಮ್ಮೋರು ಎಲ್ಲದಕ್ಕೂ ಬೇಡ ಅಂತಾರೆ."

ಜನ ನಗುತ್ತ ಎದ್ದರು. ರಾಬಿಗಾ ಎರ್ಮೆಕ್‌ನ ಮೊಣಕೈ ಹಿಡಿದಳು.

"ಒಂದು ನಿಮಿಷ ಬರ್ತೀಯಾ ತಮ್ಮಾ?"

"ಈಗಲೇನಾ ಅಕ್ಕಾ? ಅಧ್ಯಕ್ಷರು..."

"ಈಗಲೇ."

ವೇದಿಕೆಯ ಹಿಂದೆ ನಾಟಕದವರ ಬಣ್ಣದ ಕೋಣೆ. ಮೊಳೆಗಳಿಗೆ ಉಣ್ಣೆಯ ಗಡ್ಡಗಳು ನೇತಾಡುತ್ತಿದ್ದವು. ಮೂಲೆಯಲ್ಲೊಂದು ಮರದ ಕತ್ತಿ. ಅತಿಥಿಗಳಿಗೆಂದು ಯಾರೋ ಇಲ್ಲೂ ಟೀ ಇಟ್ಟು ಹೋಗಿದ್ದರು. ತಟ್ಟೆಯಲ್ಲಿ ದುಂಡನೆಯ ರೊಟ್ಟಿ ಇನ್ನೂ ಬೆಚ್ಚಗಿತ್ತು. ರಾಬಿಗಾ ಬಾಗಿಲಿಗೆ ಚಿಲಕ ಹಾಕಿದಳು.

"ಮಧ್ಯಾಹ್ನ ನೀನು ತಲೆ ಮುಟ್ಟಲಿಲ್ಲ."

"ಏನು?"

"ಕುರಿ ತಲೆ. ನಿನ್ನ ಮುಂದೆ ಇಟ್ರು. ಅಧ್ಯಕ್ಷರಿಗೆ ದಾಟಿಸ್ಬಿಟ್ಟೆ."

ಎರ್ಮೆಕ್ ನಕ್ಕ. "ಕೊಲೆ ಹಿಡಿಯೋಕೆ ಬಂದೋರು ನನ್ನ ತಟ್ಟೆ ನೋಡ್ತಿದ್ರಾ? ಅವರು ನನಗಿಂತ ಹಿರಿಯರು ಅಕ್ಕಾ. ಮರ್ಯಾದೆ."

"ಪ್ರಾರ್ಥನೆಗೆ ಕೈ ಎತ್ತಲಿಲ್ಲ. ಅದೂ ಮರ್ಯಾದೇನಾ?"

"ಕೆಮ್ಮು ಬಂತು."

"ಕೆಮ್ಮು ಬಂದೋರು ಬೂಟಿನ ದಾರ ಕಟ್ತಾರಾ?"

ಅವನು ಟೀ ಬಟ್ಟಲು ತೆಗೆದುಕೊಳ್ಳಲು ಕೈ ಚಾಚಿದ. ರಾಬಿಗಾ ಬಟ್ಟಲನ್ನು ಸರಿಸಿ, ರೊಟ್ಟಿಯ ತಟ್ಟೆಯನ್ನು ಅವನ ಮುಂದಕ್ಕೆ ತಳ್ಳಿದಳು.

"ಸರಿ. ನಂದೇ ತಪ್ಪಿರಬಹುದು. ರೊಟ್ಟಿ ಕೈಲಿ ಹಿಡ್ಕೋ. 'ನನ್ನಪ್ಪ ಸತ್ತಿದ್ದಾನೆ, ಸುಳ್ಳಾದ್ರೆ ಈ ರೊಟ್ಟಿ ನನ್ನ ಹೊಡೀಲಿ' ಅನ್ನು. ಬಾಗಿಲು ತೆಗೀತೀನಿ. ಕಾಲಿಗೆ ಬಿದ್ದು ಕ್ಷಮೆ ಕೇಳ್ತೀನಿ ಬೇಕಾದ್ರೆ."

"ಇದೇನು ಮಕ್ಕಳಾಟ!"

"ಮಕ್ಕಳಾಟ ಆದ್ರೆ ಆಡು."

ಗೋಡೆಯಾಚೆ ಬಟ್ಟಲುಗಳ ಸದ್ದು, ನಗು. ಎರ್ಮೆಕ್ ರೊಟ್ಟಿಯನ್ನು ಎತ್ತಿಕೊಂಡ. ಬಾಯಿ ತೆರೆದ. ಅವನ ತುಟಿ ಅಲುಗಿತು. "ನನ್ನಪ್ಪ..." ಎಂದ. ಮುಂದಿನ ಮಾತು ಬರಲಿಲ್ಲ.

ರೊಟ್ಟಿಯನ್ನು ತಟ್ಟೆಗೆ ಇಡುವಾಗ ಅದು ಮಗುಚದಂತೆ, ಮೇಲ್ಮೈ ಮೇಲಕ್ಕೇ ಇರುವಂತೆ ಜೋಪಾನವಾಗಿ ಇಟ್ಟ. ಆಮೇಲೆ ಕುರ್ಚಿಗೆ ಕುಸಿದ.

"ಎಲ್ಲಿದ್ದಾರೆ?" ಎಂದಳು ರಾಬಿಗಾ.

"ಗೊತ್ತಿಲ್ಲ."

"ಎರ್ಮೆಕ್!"

"ಗೊತ್ತಿಲ್ಲ ಅಕ್ಕಾ. ಈ ಮಾತನ್ನ ಬೇಕಾದ್ರೆ ರೊಟ್ಟಿ ಹಿಡಿದು ಹೇಳ್ತೀನಿ." ಅವನ ಕಣ್ಣು ಕೆಂಪಾಗಿತ್ತು. "ಕಂಪನಿಯೋರನ್ನ ಮನೆಗೆ ಕರ್ಕೊಂಡು ಹೋಗಿದ್ದೆ, ಅಪ್ಪನ್ನ ಒಪ್ಸೋಕೆ. ಅವರೆಲ್ಲರ ಎದುರಿಗೇ, 'ನೀರು ಮಾರೋಷ್ಟು ದೊಡ್ಡವನಾದ್ಯಾ, ಹೋಗಿ ಮೂಗು ಒರಸ್ಕೋ' ಅಂದ. ನಾನು ಮೂರು ಮಕ್ಕಳ ತಂದೆ ಅಕ್ಕಾ. ಅವರು ನಕ್ಕರು."

"ಅದಕ್ಕೆ?"

"ಒಂದು ವೃದ್ಧಾಶ್ರಮಕ್ಕೆ ಸೇರಿಸ್ದೆ. ಬೇರೆ ಹೆಸರಲ್ಲಿ."

ಕೊಲೆಗಾರರ ಮಾತು ಕೇಳಿ ರೂಢಿಯಾಗಿದ್ದ ರಾಬಿಗಾಗೂ ಇದು ಚುಚ್ಚಿತು. ಈ ಕಡೆಯ ಯಾವ ಮಗನೂ ಅಪ್ಪನನ್ನು ಪರರ ಕೈಗೆ ಒಪ್ಪಿಸಿ ಬಂದೆ ಎಂದು ಬಾಯಿಬಿಡಲಾರ.

"ನೀವೂ ಹಾಗೆ ನೋಡ್ತಿದ್ದೀರಿ," ಎಂದ ಎರ್ಮೆಕ್. "ಊರಿಗೆ ಬಂದು ಏನಂತ ಹೇಳ್ಲಿ? ಆಶ್ರಮದಲ್ಲಿದ್ದಾರೆ ಅನ್ನೋಕಿಂತ ಸತ್ರು ಅನ್ನೋದು ಸುಲಭ ಆಯ್ತು. ಆಮೇಲೆ ಕಾಗದ ಬೇಕು ಅಂದ್ರು. ಕಾಗದ ಮಾಡ್ಸಿದೆ."

"ಆಶ್ರಮದಿಂದ ಎಲ್ಲಿ ಹೋದ್ರು?"

"ಕಾನಾತ್. ಅವನು ಆ ಊರಿಗೆ ಯಾರೋ ನೆಂಟರನ್ನ ನೋಡೋಕೆ ಹೋಗಿದ್ದ. ಎಲ್ಲಿ ಹೇಗೆ ಕಂಡನೋ. ನಾನು ಅವರ ಅಣ್ಣನ ಮಗ ಅಂತ ಆಶ್ರಮದೋರಿಗೆ ಹೇಳಿ ಅಪ್ಪನ್ನ ಕರ್ಕೊಂಡು ಹೊರಟುಬಿಟ್ಟ. ಆಮೇಲೆ ನನಗೆ ಫೋನು. 'ಅಹವಾಲಿನ ದಿನ ನಿನ್ನಪ್ಪನೇ ಬಂದು ಮೈಕು ಹಿಡೀತಾರೆ. ಅದಕ್ಕೂ ಮೊದಲು ನೀನಾಗೇ ಬಂದು ನಿಜ ಹೇಳಿದ್ರೆ ನಿನ್ನ ಮುಖ ಉಳಿಯುತ್ತೆ' ಅಂದ."

"ನೀನೇನಂದೆ?"

"ಬೈದೆ. ಕೊಲ್ತೀನಿ ಅಂತಾನೂ ಅಂದೆ." ಅವನು ತಲೆ ಎತ್ತಿದ. "ಅಂದೆ ಅಷ್ಟೇ ಅಕ್ಕಾ. ಅವನು ಸತ್ತ ಸುದ್ದಿ ಬಂದಾಗ ನಾನು ಇಲ್ಲಿರಲೇ ಇಲ್ಲ, ವಿಚಾರಿಸಿ. ಅವತ್ತಿಂದ ನಿದ್ದೆ ಇಲ್ಲ ನನಗೆ. ಕಾನಾತ್ ಅಪ್ಪನ್ನ ಎಲ್ಲಿಟ್ಟಿದ್ದ? ಯಾರು ಊಟ ಕೊಡ್ತಿದ್ದಾರೆ? ಯಾರ್ನ ಕೇಳ್ಲಿ? ಸತ್ತೋರನ್ನ ಎಲ್ಲಿದ್ದಾರೆ ಅಂತ ಯಾರ್ನ ಹೋಗಿ ಕೇಳ್ಲಿ?"

ರಾಬಿಗಾ ಅವನ ಮುಂದೆ ಟೀ ಬಟ್ಟಲು ಇಟ್ಟಳು.

"ಫೋನಿನ ವಿಷಯ ಯಾರಿಗೆ ಹೇಳಿದ್ದೆ?"

"ಯಾರಿಗೂ ಇಲ್ಲ."

"ಕಂಪನಿಯವರಿಗೆ?"

"ಅಪ್ಪ ಬದುಕಿದ್ದಾರೆ ಅಂತ ಗೊತ್ತಾದ್ರೆ ನನ್ನ ಕೈ ಬಿಡ್ತಿದ್ರು. ಹೇಗೆ ಹೇಳ್ಲಿ?"

"ಸಾಗಿಂದಿಕ್ ಆಗಾಗೆ?"

"ಅವರಿಗಾ? ಹುಚ್ಚಾ ನನಗೆ? ಅವರು ಸಾವಿನ ಕಾಗದ ನೋಡಿ ನನ್ನನ್ನ ತಬ್ಬಿಕೊಂಡು ಅತ್ರು."

ರಾಬಿಗಾ ಎದ್ದು ಕಿಟಕಿಯ ಬಳಿ ಹೋದಳು. ಹೊರಗೆ ಪಾಪ್ಲರ್ ಮರಗಳ ಹಳದಿ ಎಲೆ ಉದುರುತ್ತಿತ್ತು. ಮನಸ್ಸಿನಲ್ಲಿ ಅವಳು ಮತ್ತೆ ಮಧ್ಯಾಹ್ನದ ಆ ತಟ್ಟೆಯ ಮುಂದೆ ಕುಳಿತಳು.

ಅಪ್ಪ ಇಲ್ಲದ ಅತಿಥಿಯೊಬ್ಬ ತಲೆಯನ್ನು ದಾಟಿಸಿದರೆ ಮನೆಯ ಯಜಮಾನ ಏನು ಮಾಡುತ್ತಾನೆ? ಒಂದೇ ಮಾತಿಗೆ ಎಂದೂ ತೆಗೆದುಕೊಳ್ಳುವುದಿಲ್ಲ. ತಟ್ಟೆಯನ್ನು ಹಿಂದಕ್ಕೆ ನೂಕುತ್ತಾನೆ. 'ಇಲ್ಲಪ್ಪ, ನಿನ್ನ ತಂದೆಯ ಜಾಗ ಇನ್ನು ನಿನ್ನದೇ, ನೀನೇ ಹಿಡಿ' ಎನ್ನುತ್ತಾನೆ. ಅತಿಥಿ ಮತ್ತೆ ದಾಟಿಸುತ್ತಾನೆ, ಯಜಮಾನ ಮತ್ತೆ ನೂಕುತ್ತಾನೆ. ಮಾಂಸ ಆರಿದರೂ ಈ ಜಗ್ಗಾಟ ಮುಗಿಯುವುದಿಲ್ಲ.

ಸಾಗಿಂದಿಕ್ ಆಗಾ ನೂಕಲಿಲ್ಲ. ಒಂದು ಮಾತೂ ಆಡದೆ ತೆಗೆದುಕೊಂಡರು. ಕಿವಿ ಕೊಯ್ದು ಮೊಮ್ಮಗಳ ಕೈಗಿಟ್ಟರು. ಎಂಥ ಔತಣದಲ್ಲೂ ತಪ್ಪು ಮಾಡದ ಮನುಷ್ಯ, ಇವನ ಕೈ ಇದಕ್ಕೆ ಚಾಕು ಹಚ್ಚುವುದಿಲ್ಲ ಎಂದು ಮೊದಲೇ ಗೊತ್ತಿದ್ದವರ ಹಾಗೆ ತೆಗೆದುಕೊಂಡರು.

"ಅವರಿಗೆ ಗೊತ್ತಿದೆ," ಎಂದಳು ರಾಬಿಗಾ.

"ಯಾರಿಗೆ?"

"ನಿಮ್ಮಪ್ಪ ಬದುಕಿರೋದು ಅಧ್ಯಕ್ಷರಿಗೆ ಗೊತ್ತಿದೆ. ನೀನು ಹೇಳಿಲ್ಲ. ಅಂದ್ರೆ ಕಾನಾತ್ ಹೇಳಿರ್ಬೇಕು. ಅಹವಾಲು ನಡೆಸೋರು ಅವರೇ ತಾನೇ. ಹೀಗೆ ಹೀಗೆ, ಆ ದಿನ ಆತಾನ ಕರ್ಕೊಂಡು ಬರ್ತೀನಿ, ಮಾತಾಡೋಕೆ ಬಿಡಿ ಅಂತ ನಂಬಿಕೆಯಿಂದ ಹೋಗಿ ಕೇಳಿರ್ತಾನೆ."

ಎರ್ಮೆಕ್ ಎದ್ದು ನಿಂತ. "ಹಾಗಾದ್ರೆ ಕಾನಾತ್‌ನ..."

"ಅದು ನನಗಿನ್ನೂ ಗೊತ್ತಿಲ್ಲ. ಒಂದು ಮಾತ್ರ ಗೊತ್ತು. ಕಾನಾತ್‌ನ ಕೊಂದೋನಿಗೆ ಬೇಕಾಗಿದ್ದು ಕಾನಾತ್ ಅಲ್ಲ. ಅವನು ಬಚ್ಚಿಟ್ಟ ಮುದುಕ. ಇವತ್ತು ಮತ ಬಿದ್ದು ನಿಯಮ ಹೋದ್ರೆ, ಆಮೇಲೆ ನಿಮ್ಮಪ್ಪ ಎಲ್ಲಾದ್ರೂ ಕಾಣಿಸ್ಕೊಂಡ್ರೆ ಎಷ್ಟು ಜನ ಜೈಲಿಗೆ ಹೋಗ್ಬೇಕು, ಯೋಚನೆ ಮಾಡು. ಮತ ಬಿದ್ದ ಮೇಲೆ ಅವರು ಬದುಕಿರೋದು ಯಾರಿಗೂ ಬೇಡ."

ಭವನದೊಳಗೆ ಗಂಟೆ ಹೊಡೆಯಿತು. ಜನ ಮರಳುವ ಸದ್ದು.

"ನೀವು ಹೋಗಿ ನಿಲ್ಸಿ ಅಕ್ಕಾ! ಪೊಲೀಸು ನೀವು."

"ನಾನು ಈ ಊರಿನೋಳಲ್ಲ. ಅಹವಾಲಲ್ಲಿ ಊರಿನೋರು ಮಾತ್ರ ಮಾತಾಡ್ಬಹುದು. ನಾನು ಬಾಯಿ ತೆರೆದ್ರೆ ನಾಳೆ ಇಡೀ ಸಭೇನೇ ಅಸಿಂಧು ಅಂತಾರೆ. ಆಮೇಲೆ ನನ್ನತ್ರ ಇರೋದೇನು? ಒಂದು ತಟ್ಟೆ, ಒಂದು ಬೂಟಿನ ದಾರ. ಯಾವ ನ್ಯಾಯಾಧೀಶ ಕೇಳ್ತಾನೆ?" ರಾಬಿಗಾ ಚಿಲಕ ತೆಗೆದಳು. "ನೀನು ಈ ಊರಿನೋನು. ನಿನ್ನ ಬಾಯಿ ಒಂದೇ ಇರೋದು."

"ಜೈಲಿಗೆ ಹೋಗ್ತೀನಿ ನಾನು."

"ಹೋಗ್ತೀಯ."

ಅವನು ಗಡ್ಡಗಳು ನೇತಾಡುವ ಗೋಡೆಯನ್ನು ನೋಡುತ್ತ ನಿಂತ. ರಾಬಿಗಾ ಕಾಯಲಿಲ್ಲ.

ಅವಳು ತನ್ನ ಕುರ್ಚಿ ಸೇರಿದಾಗ ಸಾಗಿಂದಿಕ್ ಆಗಾ ಎದ್ದು ನಿಂತಿದ್ದರು. ದನಿಯಲ್ಲಿ ಅದೇ ಬೆಚ್ಚಗಿನ ಸಲಿಗೆ.

"ಇನ್ನು ಯಾರಾದ್ರೂ ಮಾತಾಡೋದಿದೆಯಾ? ಹಸುವಿನ ಕಡೆಯಿಂದ?"

ಕೆಲವರು ನಕ್ಕರು.

"ಇಲ್ಲ ಅಂತಾದ್ರೆ, ನಿಯಮ ತೆಗೀಬಹುದು ಅನ್ನೋರು ಕೈ..."

"ನಾನಿದ್ದೀನಿ."

ಎರ್ಮೆಕ್ ಪಕ್ಕದ ಬಾಗಿಲಿನಿಂದ ಬಂದಿದ್ದ. ಮೈಕಿಗೆ ಕಾಯದೆ ವೇದಿಕೆಯ ಮೆಟ್ಟಿಲ ಮೇಲೇ ನಿಂತ.

"ನಿಂದು ಆಯ್ತಲ್ಲಪ್ಪ," ಎಂದರು ಅಧ್ಯಕ್ಷರು.

"ಆಗ ಹೇಳಿದ್ದು ಸುಳ್ಳು. ನನ್ನಪ್ಪ ಸತ್ತಿಲ್ಲ."

ಎಲ್ಲ ಒಟ್ಟಿಗೇ ಆಯಿತು. ಕುರ್ಚಿಗಳು ಉರುಳಿದವು. ಮೊಸರಿನ ಹೆಂಗಸು "ನಾಯಿ!" ಎಂದು ಕಿರುಚಿದಳು. ಬೈದಿಲ್ದಾ ಆತಾ ಕೋಲೂರಿ ಏಳಲು ಹೋಗಿ, ಆಗದೆ, ಕುಳಿತಲ್ಲಿಂದಲೇ ಬೊಬ್ಬೆಯಿಟ್ಟರು.

"ಬದುಕಿರೋ ಗೆಳೆಯನಿಗೆ ನನ್ನ ಬಾಯಲ್ಲಿ ಸತ್ತವರ ಪ್ರಾರ್ಥನೆ ಹೇಳಿಸ್ದೆಯೇನೋ? ಈ ಬಾಯಲ್ಲಿ?"

"ಆಶ್ರಮಕ್ಕೆ ಬಿಟ್ಟಿದ್ದೆ ಆತಾ. ನಾಚಿಕೆಗೆ ಸುಳ್ಳು ಹೇಳ್ದೆ. ಈಗ ಅಲ್ಲೂ ಇಲ್ಲ. ಕಾನಾತ್ ಕರ್ಕೊಂಡು ಬಂದಿದ್ದ. ಎಲ್ಲಿದ್ದಾರೋ ಗೊತ್ತಿಲ್ಲ ನನಗೆ. ಯಾರಿಗಾದ್ರೂ ಗೊತ್ತಿದ್ರೆ..."

ಸಾಗಿಂದಿಕ್ ಆಗಾ ಗದ್ದಲ ಇಳಿಯುವವರೆಗೂ ಕಾದರು. ರಾಬಿಗಾ ಅವರನ್ನೇ ನೋಡುತ್ತಿದ್ದಳು. ಅವರ ಮುಖದಲ್ಲಿ ಬೆರಗಿತ್ತು, ನೋವಿತ್ತು, ಎಲ್ಲ ಇರಬೇಕಾದಷ್ಟೇ ಇತ್ತು. ಲೋಟಕ್ಕೆ ಪೆನ್ನು ತಾಗಿಸಿದ ಕೈ ಮಾತ್ರ ಸ್ವಲ್ಪವೂ ಅಲುಗಲಿಲ್ಲ.

"ಒಂದೇ ಬಾಯಲ್ಲಿ ಎರಡು ಮಾತು ಹೇಳ್ದೆ, ಎರ್ಮೆಕ್. ಯಾವುದನ್ನ ಬರ್ಕೊಳ್ಳೋದು? ನಮ್ಮ ಹತ್ತಿರ ಇರೋದು ಸಾವಿನ ಕಾಗದ." ಅವರು ಸಭೆಯತ್ತ ತಿರುಗಿದರು. "ಆದ್ರೂ ನಾನು ನ್ಯಾಯ ಬಿಡಲ್ಲ. ನಿಯಮ ಕೇಳೋದು ಮಗನ ಬಾಯಲ್ಲ, ಓಸ್ಪಾನ್ ಆತಾನ ಬಾಯಿ. ಬದುಕಿದ್ರೆ ಕರ್ಕೊಂಡು ಬಾ. ಪತ್ರಿಕೇಲಿ ಹೊಸದಾಗಿ ಪ್ರಕಟಣೆ ಹಾಕಿಸದೆ ಅಹವಾಲು ನಾಳೆಗೆ ಹೋಗಲ್ಲ, ಎಲ್ಲರಿಗೂ ಗೊತ್ತು. ಹೊತ್ತು ಮುಳುಗೋವರೆಗೂ ಇಲ್ಲೇ ಕೂತಿರ್ತೀನಿ. ಅವರು ಬಂದ್ರೆ ನಾನೇ ಎದ್ದು ಈ ಕುರ್ಚಿ ಕೊಡ್ತೀನಿ. ಬರದಿದ್ರೆ ಮತ."

"ಅದು ನ್ಯಾಯ," ಎಂದರು ಯಾರೋ.

ಕಿಟಕಿಯಲ್ಲಿ ಬಿಸಿಲು ಆಗಲೇ ಕೆಂಪಾಗಿತ್ತು. ಎಲ್ಲಿದ್ದಾರೆಂದು ಗೊತ್ತಿಲ್ಲದ ಮನುಷ್ಯನನ್ನು ಅಷ್ಟರಲ್ಲಿ ಹುಡುಕಿ ತರುವುದು ಯಾರಿಂದಲೂ ಆಗದು. ಸಾಗಿಂದಿಕ್ ಆಗಾಗೆ ಅದು ಗೊತ್ತಿತ್ತು. ಎರ್ಮೆಕ್ ಮೆಟ್ಟಿಲ ಮೇಲೆ ಕುಸಿದು ಕುಳಿತ.

ಆಗ ಕೊನೆಯ ಸಾಲಿನಲ್ಲಿ ಗುಲ್‌ಬಾರ್ಶಿನ್ ಎದ್ದಳು. ಗಂಡ ಸತ್ತ ಮೇಲೆ ಹೊರಗಿನವರ ಮುಂದೆ ಅವಳು ಮಾತಾಡಿದ್ದು ಅದೇ ಮೊದಲು.

"ಹೊತ್ತು ಮುಳುಗೋವರೆಗೂ ಯಾಕೆ ಆಗಾ?" ಎಂದಳು. "ಆತಾ ನಮ್ಮನೇಲೇ ಇದ್ರು. ಹಿತ್ತಲಿನ ಬೇಸಿಗೆ ಅಡುಗೆಮನೆ ಹಿಂದಿನ ಕೋಣೇಲಿ. ಅವರೇ ಮೈಕು ಹಿಡಿಯೋವರೆಗೂ ಯಾರಿಗೂ ಹೇಳ್ಬೇಡ ಅಂತ ನಮ್ಮೋರು ಹೇಳಿದ್ರು. ಹೇಳ್ಲಿಲ್ಲ."

ಎರ್ಮೆಕ್ ಚಂಗನೆ ಎದ್ದ. "ಅಪ್ಪ ಹೇಗಿದ್ದಾರೆ? ಈಗಲೇ ಹೋಗೋಣ ಅತ್ತಿಗೆ, ನನ್ನ ಕಾರಿದೆ..."

"ಈಗ ಅಲ್ಲಿಲ್ಲ. ಬೆಳಿಗ್ಗೇನೇ ಹೊರಟ್ರಲ್ಲ." ಅವಳು ಎರ್ಮೆಕ್‌ನನ್ನು ನೋಡುತ್ತಿರಲಿಲ್ಲ. ಸಾಲುಗಳ ಮೇಲಿಂದ ರಾಬಿಗಾಳನ್ನೇ ನೋಡುತ್ತಿದ್ದಳು. ಕಣ್ಣಲ್ಲಿ ನಂಬಿಕೆಯಿತ್ತು, ಜೊತೆಗೆ ಆಗತಾನೇ ಹುಟ್ಟಿದ ಒಂದು ಅನುಮಾನ. "ಬಿಳಿ ಕಾರು ಬಂತು, ಗೊತ್ತಿಲ್ಲದೋನೊಬ್ಬ ಇಳಿದ. ರಾಬಿಗಾ ಅಕ್ಕನಿಗೆ ಎಲ್ಲಾ ಗೊತ್ತಾಗಿದೆ, ಆತಾನ ಸರಿಯಾದ ಹೊತ್ತಿಗೆ ಸಭೆಗೆ ಕರ್ಕೊಂಡು ಬರೋಕೆ ಹೇಳಿದ್ದಾರೆ, ಅಲ್ಲೀವರೆಗೂ ನೀವು ಸುಮ್ನೆ ಕೂತಿರ್ಬೇಕಂತೆ ಅಂದ. ಚಳಿ ಅಂತ ನಮ್ಮೋರ ಕೋಟು ಹೊದಿಸಿ ಕಳಿಸ್ದೆ. ಈಗ ಕರೀರಿ ಅಕ್ಕಾ. ಇನ್ನೂ ಎಷ್ಟು ಹೊತ್ತು ಕಾಯಿಸ್ತೀರಿ?"

ಇಡೀ ಸಭೆ ರಾಬಿಗಾಳತ್ತ ತಿರುಗಿತು.

ಅವಳು ಯಾರನ್ನೂ ಕಳಿಸಿರಲಿಲ್ಲ. ಇಲ್ಲವೆಂದು ತಲೆಯಾಡಿಸಿದಳು.

ಅವಳ ಕಣ್ಣು ತಾನಾಗಿ ವೇದಿಕೆಗೆ ಹೋಯಿತು. ಅಲ್ಲಿ ಗೆದ್ದವನ ನಗು ಇರುತ್ತದೆ ಎಂದುಕೊಂಡಿದ್ದಳು. ಆದರೆ ಸಾಗಿಂದಿಕ್ ಆಗಾ ಮೇಜನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಅವರ ತುಟಿಗಳಲ್ಲಿ ರಕ್ತವೇ ಇರಲಿಲ್ಲ. ಮೈಕು ಬಾಯಿಯ ಹತ್ತಿರವೇ ಇದೆ ಎಂಬುದನ್ನು ಅವರು ಮರೆತಿದ್ದರು.

"ಬಿಳಿ ಕಾರಾ?" ಎಂದಿತು ಅವರ ದನಿ, ಇಡೀ ಭವನಕ್ಕೆ ಕೇಳುವಂತೆ. "ನಾನೂ ಕಳಿಸಿಲ್ಲ."